ನಮಾಜಿಗೆ ಡಾಕ್ಟರ ಚೀಟಿ ಏಕೆ?

ನಾನು ಐದು ಹೊತ್ತು ನಮಾಜು ಮಾಡುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯಲಿರುವುದನ್ನು ಓದಿ ನಮ್ಮವರು "ನಾಲ್ಕಕ್ಷರ ಕಲಿತು ಕೆಟ್ಟಳು" ಎನ್ನದಿರಲಿ. ಉಳಿದವರು "ನೋಡಿ, ಅವರಲ್ಲೇ ಒಬ್ಬಳು ಬಾಯಿ ಬಿಟ್ಟಿದ್ದಾಳೆ" ಎಂದು ಖುಷಿಪಡದಿರಲಿ. ನನ್ನ ಜಗಳ ನಮಾಜಿನ ಜೊತೆಗಲ್ಲ. ನಮಾಜನ್ನು ಮಾತ್ರೆಯ ಅಂಗಡಿಯಲ್ಲಿಟ್ಟು ಮಾರುವವರ ಜೊತೆಗೆ.

ನಾವು ಸುಬ್ರಹ್ಮಣ್ಯಪುರಕ್ಕೆ ಬಂದಾಗ ಇದು ಬೆಂಗಳೂರಿಗೆ ಸೇರಿತ್ತೆಂದು ಯಾರೂ ಒಪ್ಪುತ್ತಿರಲಿಲ್ಲ. ಬನಶಂಕರಿಯಲ್ಲಿ ಬಸ್ಸು ಹತ್ತಿ "ಸುಬ್ರಹ್ಮಣ್ಯಪುರ" ಎಂದರೆ ಕಂಡಕ್ಟರ್ "ಹಳ್ಳಿಗಾ?" ಎನ್ನುತ್ತಿದ್ದ. ಮನೆಯ ಹಿಂದೆ ರಾಗಿ ಹೊಲ, ಆಚೆಗೆ ಕೆರೆ. ಈಗ ಕನಕಪುರ ರಸ್ತೆಗೆ ಮೆಟ್ರೋ ಬಂದಿದೆ, ಹೊಲದ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ, ಕೆರೆಗೆ ತಂತಿ ಬೇಲಿ. ಬೀದಿಯಲ್ಲಿ ನಮ್ಮದೊಂದೇ ಮುಸ್ಲಿಮರ ಮನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ್ದರಿಂದ ಇಡೀ ಬೀದಿಗೆ ನಾನು "ಟೀಚರ್". ಹೆಸರು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಒಂದು ದಿನ ಆಪಾ, ಅಂದರೆ ನನ್ನ ಅಕ್ಕ, ಇಲಿಯಾಸ್ ನಗರದಿಂದ ಆಟೋ ಮಾಡಿಕೊಂಡು ಬಂದಳು. ಪರ್ಸಿನಿಂದ ನಾಲ್ಕು ಮಡಿಕೆ ಮಾಡಿದ ಹಸಿರು ಕಾಗದವೊಂದನ್ನು ತೆಗೆದು, ಚಿನ್ನದ ಓಲೆ ತೋರಿಸುವವಳಂತೆ ಬಿಡಿಸಿದಳು. ಹೆಂಗಸರ ಇಜ್ತಿಮಾದಲ್ಲಿ ಹಂಚಿದ್ದಂತೆ. ಸಜ್ದಾದಿಂದ ಮಿದುಳಿಗೆ ರಕ್ತ ಹರಿಯುತ್ತದೆ, ರುಕೂದಿಂದ ಬೆನ್ನುನೋವು ಹೋಗುತ್ತದೆ, ವುಜೂವಿನಿಂದ ಚರ್ಮರೋಗ ಬರುವುದಿಲ್ಲ, ಇಂತಿಷ್ಟು ಸಲ ಜಿಕ್ರ್ ಮಾಡಿ ನೀರಿಗೆ ಊದಿ ಕುಡಿದರೆ ಸಕ್ಕರೆ ಇಳಿಯುತ್ತದೆ, ಹೀಗೆ ಒಂದರಿಂದ ಇಪ್ಪತ್ತರವರೆಗೆ ನಂಬರು ಹಾಕಿ ಬರೆದಿತ್ತು. ಕೊನೆಯಲ್ಲಿ, ಇದೆಲ್ಲವನ್ನೂ ಅಮೆರಿಕದ ವಿಜ್ಞಾನಿಗಳೇ ಒಪ್ಪಿದ್ದಾರೆ ಎಂಬ ಒಕ್ಕಣೆ. ಯಾವ ವಿಜ್ಞಾನಿ, ಯಾವ ಊರು, ಯಾವ ಇಸವಿ, ಒಂದೂ ಇಲ್ಲ.

ಅದೇ ವಾರ ಎದುರು ಮನೆಯಾಕೆ ಕೋಸಂಬರಿ ಕೊಡಲು ಬಂದವರು ನಾನು ಅಸರ್ ನಮಾಜು ಮುಗಿಸಿ ಕೂತಿದ್ದನ್ನು ನೋಡಿದರು. "ಟೀಚರ್, ನೀವು ಕೂತಿರೋದು ನಮ್ಮ ವಜ್ರಾಸನಾನೇ ಅಲ್ವಾ? ಬಗ್ಗಿದ್ದು ಶಶಾಂಕಾಸನ! ನಮ್ಮ ಯೋಗ ಕ್ಲಾಸಿನಲ್ಲೂ ಹೇಳ್ತಾರೆ, ಓಂಕಾರ ಹಾಕಿದ್ರೆ ಬೀಪೀ ಮಾತ್ರೆನೇ ಬೇಡ ಅಂತ." ಒಂದು ಕ್ಷಣ ನನಗೆ ಸಂತೋಷವಾಯಿತು. ನಮ್ಮ ಬೀದಿಯಲ್ಲಿ ಯಾರೋ ನನ್ನ ನಮಾಜಿನಲ್ಲಿ ತಮ್ಮದನ್ನು ಕಂಡರಲ್ಲ ಎಂದು. ಅವರು ಹೋದ ಮೇಲೆ ಎದೆಯೊಳಗೆ ಒಂದು ಮುಳ್ಳು ಉಳಿಯಿತು. ಈಕೆ ಮಂಗಳವಾರ ಮಂಗಳವಾರ ಬನಶಂಕರಿ ಅಮ್ಮನ ಗುಡಿಗೆ ಹೋಗಿ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬರುತ್ತಾರೆ. ಆ ದೀಪದ ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದ್ದಾರೆಯೇ? ಮಗಳ ಮದುವೆಯ ಚಿಂತೆಗೆ ದೀಪ ಹಚ್ಚುತ್ತಾರೆ, ತಾಯಿಯ ಹತ್ತಿರ ಹೇಳಿಕೊಂಡು ಬರುತ್ತಾರೆ. ಅಷ್ಟೇ. ದೇವರ ಮುಂದೆ ಹೇಳಿಕೊಳ್ಳಲು ಆರೋಗ್ಯದ ನೆಪ ಏಕೆ ಬೇಕು?

ಮುಳ್ಳನ್ನು ಅಲ್ಲೇ ಬಿಟ್ಟೆ. ತಪ್ಪು ಮಾಡಿದೆ. ಆಪಾಳ ಕಾಗದವನ್ನು ಅಂದೇ ಹರಿದು ಹಾಕಬೇಕಿತ್ತು.

ಆಪಾಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷವಾಗಿತ್ತು. ಭಾವ ತೀರಿಕೊಂಡ ಮೇಲೆ ಅವಳಿಗೆ ಇಜ್ತಿಮಾ ಒಂದೇ ಹೊರಗೆ ಹೋಗುವ ದಾರಿ. ಅಲ್ಲಿ ಮಾತಾಡಲು ಬರುತ್ತಿದ್ದಾಕೆಯೊಬ್ಬರು, ಹೆಸರು ಬೇಡ, ಮಾತ್ರೆಯೆಂದರೆ ಈಮಾನಿನ ಕೊರತೆ ಎಂಬಂತೆ ಹೇಳಿದರಂತೆ. ಆಪಾ ಮಾತ್ರೆ ಬಿಟ್ಟಳು. ಯಾರಿಗೂ ಹೇಳಲಿಲ್ಲ. ಬೆಳಗಿನ ಜಾವ ಎದ್ದು ಬಾಟಲಿಯ ನೀರಿಗೆ ದಮ್ ಮಾಡಿ ಕುಡಿಯತೊಡಗಿದಳು. ನಾಲ್ಕನೆಯ ತಿಂಗಳು ಎಡಗಾಲಿನ ಕಿರುಬೆರಳಿನ ಸಂದಿಯಲ್ಲಿ ಒಂದು ಗುಳ್ಳೆ. ಸಕ್ಕರೆ ಬಹಳ ಕಾಲ ಏರಿದ್ದರೆ ಕಾಲಿನ ನರಗಳು ಸಾಯುತ್ತವೆ, ನೋವೇ ಗೊತ್ತಾಗುವುದಿಲ್ಲ. ಗುಳ್ಳೆ ಹುಣ್ಣಾಯಿತು, ಹುಣ್ಣು ಕಪ್ಪಾಯಿತು. ಎರಡು ಬೆರಳು ತೆಗೆದರು.

ಇಲ್ಲಿ ಒಂದು ಮಾತು ನಿಮ್ಮ ಗಮನಕ್ಕೆ. ವುಜೂವಿನಲ್ಲಿ ಕಾಲು ತೊಳೆಯುವಾಗ ಬೆರಳುಗಳ ಸಂದಿಯಲ್ಲಿ ಕೈಬೆರಳು ಆಡಿಸಬೇಕೆಂಬ ಪದ್ಧತಿಯಿದೆ. ಸಕ್ಕರೆಯ ಡಾಕ್ಟರು ಹೇಳುವುದೂ ಅದನ್ನೇ: ದಿನಾ ಪಾದ ನೋಡಿಕೊಳ್ಳಿ, ಸಂದಿ ಒರೆಸಿ ಒಣಗಿಸಿ. ಆಪಾ ದಿನಕ್ಕೆ ಐದು ಸಲ ಆ ಹುಣ್ಣನ್ನು ಮುಟ್ಟಿದ್ದಾಳೆ, ನೋಡಿದ್ದಾಳೆ. ನಮಾಜು ಅವಳಿಗೆ ಐದು ಸಲ ಎಚ್ಚರಿಕೆ ಕೊಟ್ಟಿತ್ತು. ಕಾಗದ ಅವಳ ಬಾಯಿ ಮುಚ್ಚಿಸಿತ್ತು.

ವಾರ್ಡಿನಲ್ಲಿ ಅವಳು ನನ್ನ ಕೈ ಹಿಡಿದು ಕೇಳಿದ್ದು ಇಷ್ಟೇ: "ನನ್ನ ಜಿಕ್ರ್‌ನಲ್ಲಿ ಏನೋ ಕೊರತೆ ಇತ್ತು, ಅಲ್ಲವೇನೇ?"

ಅಂದಿನಿಂದ ನನ್ನ ಸಿಟ್ಟು ಇಳಿದಿಲ್ಲ. ಈ ವ್ಯಾಪಾರದ ಗುಟ್ಟೇ ಇದು. ವಾಸಿಯಾದರೆ ಹೇಳಿಕೊಟ್ಟವರ ಮಹಿಮೆ, ಆಗದಿದ್ದರೆ ರೋಗಿಯ ಈಮಾನಿನ ದೋಷ. ಯಾವ ಔಷಧದ ಅಂಗಡಿಯವನಿಗೂ ಇಂಥ ಸೌಲಭ್ಯವಿಲ್ಲ. ಬೆರಳು ಕಳೆದುಕೊಂಡವಳೇ ಅಪರಾಧಿ!

ಹಾಗಾದರೆ ಪ್ರಾರ್ಥನೆಯಿಂದ ದೇಹಕ್ಕೆ ಏನೂ ಆಗುವುದಿಲ್ಲವೇ? ಆಗುತ್ತದೆ. ಸುಳ್ಳು ಹೇಳುವವರನ್ನು ಬಯ್ಯಲು ಹೊರಟವಳು ನಿಜವನ್ನು ಮುಚ್ಚಿಡಬಾರದು. 2001ರಲ್ಲಿ ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 23 ಆರೋಗ್ಯವಂತರಿಗೆ ಒಮ್ಮೆ ಕ್ರೈಸ್ತರ ಜಪಸರದ ಪ್ರಾರ್ಥನೆ, ಒಮ್ಮೆ ಬೌದ್ಧರ 'ಓಂ ಮಣಿ ಪದ್ಮೇ ಹೂಂ' ಹೇಳಿಸಿದರು. ಎರಡರಲ್ಲೂ ಉಸಿರು ನಿಧಾನವಾಗಿ ನಿಮಿಷಕ್ಕೆ ಆರರ ಸುಮಾರಿಗೆ ಇಳಿಯಿತು, ರಕ್ತದೊತ್ತಡವನ್ನು ಹದದಲ್ಲಿಡುವ ದೇಹದ ಏರ್ಪಾಡು ಚುರುಕಾಯಿತು. 2011ರಲ್ಲಿ ನಮ್ಮ ನಿಮ್ಹಾನ್ಸಿನವರು ಹನ್ನೆರಡು ಜನರಿಂದ ಓಂಕಾರ ಹೇಳಿಸಿ ಮಿದುಳಿನ ಚಿತ್ರ ತೆಗೆದರು. ಭಾವೋದ್ವೇಗಕ್ಕೆ ಸಂಬಂಧಿಸಿದ ಭಾಗಗಳು ಶಾಂತವಾದದ್ದು ಕಂಡಿತು. ಮಲೇಷಿಯಾದ ಮಲಯ ವಿಶ್ವವಿದ್ಯಾಲಯದವರು ನಮಾಜು ಮಾಡುವವರ ತಲೆಗೆ ತಂತಿ ಕಟ್ಟಿ ನೋಡಿದರು. ಸಜ್ದಾದಲ್ಲಿ ಮನಸ್ಸು ವಿಶ್ರಾಂತಿಯಲ್ಲಿರುವಾಗ ಕಾಣುವ ಆಲ್ಫಾ ಅಲೆಗಳು ಹೆಚ್ಚಿದ್ದವು. ಅವರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದ್ದವರು ಮೂವತ್ತು ಮಂದಿ ಗಂಡಸರು. ಹೆಂಗಸರ ಸಜ್ದಾದಲ್ಲಿ ಅಲೆ ಏಳುತ್ತದೋ ಇಲ್ಲವೋ, ಒಲೆಯ ಮೇಲೆ ಹಾಲಿಟ್ಟು ಬಂದವಳ ಮಿದುಳಿನ ಚಿತ್ರ ಹೇಗಿರುತ್ತದೋ, ಆ ಮೂವತ್ತರಲ್ಲಿ ಉತ್ತರವಿಲ್ಲ.

ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಹೇಳುವುದೆಷ್ಟು? ನಿಧಾನವಾಗಿ ಉಸಿರಾಡಿದರೆ, ಒಂದೇ ಪದವನ್ನು ಮತ್ತೆ ಮತ್ತೆ ಹೇಳಿದರೆ ದೇಹ ಶಾಂತವಾಗುತ್ತದೆ. ಹಾರ್ವರ್ಡಿನ ಡಾಕ್ಟರ್ ಹರ್ಬರ್ಟ್ ಬೆನ್ಸನ್ 1975ರಷ್ಟು ಹಿಂದೆಯೇ ಇದರ ಮೇಲೆ ಪುಸ್ತಕ ಬರೆದು, ಯಾವ ಪದವಾದರೂ ಸರಿ ಎಂದರು. ಇಪ್ಪತ್ತು ಮೂವತ್ತು ಜನರ ಮೇಲೆ ಕೆಲವು ನಿಮಿಷ ಕಂಡ ಶಾಂತಿಯಿಂದ, ಹದಿನೈದು ವರ್ಷದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎನ್ನುವುದಕ್ಕೆ ಜಿಗಿದರೆ ಅದು ವಿಜ್ಞಾನವೂ ಅಲ್ಲ, ದೀನೂ ಅಲ್ಲ.

ಬರ್ನಾರ್ಡಿಯವರ ಲೇಖನದಲ್ಲಿ ನನಗೆ ಹಿಡಿಸಿದ ಇನ್ನೊಂದು ಮಾತಿದೆ. ಯುರೋಪಿನವರಿಗೆ ಜಪಸರ ಸಿಕ್ಕಿದ್ದು ಧರ್ಮಯುದ್ಧಕ್ಕೆ ಹೋದವರ ಮೂಲಕ ಅರಬರಿಂದ, ಅರಬರಿಗೆ ಸಿಕ್ಕಿದ್ದು ಟಿಬೆಟ್ಟಿನ ಸನ್ಯಾಸಿಗಳಿಂದ, ಭಾರತದ ಯೋಗಿಗಳಿಂದ ಎಂದು ಅವರು ಬರೆಯುತ್ತಾರೆ. ನನ್ನ ತಸ್ಬೀಯ ಮಣಿ, ಎದುರು ಮನೆಯಾಕೆಯ ಜಪಮಾಲೆಯ ಮಣಿ, ನಮ್ಮ ಶಾಲೆಯಲ್ಲಿದ್ದ ಸಿಸ್ಟರ್ ಕೈಯ ಮಣಿ, ಮೂರೂ ದಾಯಾದಿಗಳು! ಹೀಗಿರುವಾಗ "ನಮ್ಮದನ್ನು ವಿಜ್ಞಾನ ಒಪ್ಪಿದೆ" ಎಂದು ಎದೆ ತಟ್ಟಿಕೊಳ್ಳುವವರನ್ನು ಕಂಡರೆ ನಗು ಬರುತ್ತದೆ. ವಿಜ್ಞಾನ ಒಪ್ಪಿದ್ದು ಉಸಿರನ್ನು. ಉಸಿರಿಗೆ ಯಾವ ಜಾತಿ?

ಇದೇ ವಿಜ್ಞಾನ ಬೇರೆ ಸುದ್ದಿಯನ್ನೂ ಹೇಳಿದೆ. ಅದನ್ನು ಯಾವ ಕಾಗದದವರೂ ಅಚ್ಚು ಹಾಕಿಸುವುದಿಲ್ಲ. 2006ರಲ್ಲಿ ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಮಾಡಿಸಿಕೊಂಡ 1802 ರೋಗಿಗಳ ಮೇಲೆ ನಡೆದ ಅಧ್ಯಯನ ಹೊರಬಂತು. ಬೆನ್ಸನ್ನರೇ ಅದರ ಮುಂದಾಳು. ಕೆಲವರಿಗಾಗಿ ದೂರದ ಕ್ರೈಸ್ತ ತಂಡಗಳು ಪ್ರಾರ್ಥಿಸಿದವು, ಕೆಲವರಿಗಾಗಿ ಇಲ್ಲ. ಪ್ರಾರ್ಥನೆಯಿಂದ ವ್ಯತ್ಯಾಸವೇನೂ ಕಾಣಲಿಲ್ಲ. ತಮಗಾಗಿ ಪ್ರಾರ್ಥನೆ ನಡೆದಿದೆ ಎಂದು ಖಚಿತವಾಗಿ ಗೊತ್ತಿದ್ದವರಲ್ಲಿ ತೊಂದರೆ ಕಂಡದ್ದು ನೂರಕ್ಕೆ 59 ಮಂದಿಗೆ. ಪ್ರಾರ್ಥನೆ ನಡೆದಿದ್ದರೂ ಅದು ಖಚಿತವಿಲ್ಲದವರಲ್ಲಿ 52. ಹಾಗೆಂದು ಇನ್ನು ಯಾರೂ ಯಾರಿಗೂ ದುವಾ ಮಾಡಬಾರದೇ? ನನ್ನ ಮಗ ಊರಿನಿಂದ ಹೊರಟ ರಾತ್ರಿ ನಾನು ದುವಾ ಮಾಡದೆ ಮಲಗಬೇಕೇ? ತಾಯಿಯಾದವಳು ಅಧ್ಯಯನ ಓದಿ ದುವಾ ಮಾಡುವುದಿಲ್ಲ, ಅಧ್ಯಯನ ಓದಿ ಬಿಡುವುದೂ ಇಲ್ಲ.

ನನ್ನ ವಾದ ಇಷ್ಟೇ. ನಮಾಜಿನ ಬೆಲೆಯನ್ನು ಬೀಪೀಯ ಅಳತೆಯಲ್ಲಿ ಹೇಳಿದಿರೋ, ಬೀಪೀ ಇಳಿಯದ ದಿನ ನಮಾಜಿಗೆ ಬೆಲೆಯಿಲ್ಲ ಎಂದು ನೀವೇ ಒಪ್ಪಿದಂತೆ. ನಾಳೆ ಒಂದು ಮಾತ್ರೆ ನಮಾಜಿಗಿಂತ ಚೆನ್ನಾಗಿ ಕೆಲಸ ಮಾಡಿದರೆ ಜಾನಮಾಜನ್ನು ಮಡಿಸಿ ಅಟ್ಟಕ್ಕೆ ಹಾಕುತ್ತೀರಾ? ದಿನಕ್ಕೆ ಹದಿನೇಳು ರಕಾತ್ ಫರ್ಜ್, ಮೂವತ್ತನಾಲ್ಕು ಸಜ್ದಾ. ವ್ಯಾಯಾಮವೇ ಬೇಕಿದ್ದರೆ ಸುಬ್ರಹ್ಮಣ್ಯಪುರದಿಂದ ಉತ್ತರಹಳ್ಳಿಯವರೆಗೆ ನಡೆದು ಬಂದರೆ ಸಾಕು, ಅದಕ್ಕೆ ವುಜೂ ಬೇಕಿಲ್ಲ.

ನನಗೆ ಕಣ್ಣಿನ ಪೊರೆಯ ಆಪರೇಷನ್ ಆದಾಗ ಡಾಕ್ಟರು "ಕೆಲವು ದಿನ ತಲೆ ಬಗ್ಗಿಸಬೇಡಿ" ಎಂದರು. ತಲೆ ತಗ್ಗಿಸಿದರೆ ಕಣ್ಣಿನ ಒತ್ತಡ ಏರುತ್ತದೆ. ಕಾಗದದ ಪ್ರಕಾರ ಸರ್ವರೋಗ ಪರಿಹಾರವಾದ ಸಜ್ದಾ ನನಗೆ ಆಗ ಅಪಾಯ! ಹಾಗಾದರೆ ನಮಾಜು ನಿಂತಿತೇ? ಇಲ್ಲ. ಕುರ್ಚಿಯಲ್ಲಿ ಕೂತು ತಲೆಯನ್ನು ತುಸುವೇ ಬಾಗಿಸಿ ಸನ್ನೆಯಲ್ಲಿ ಮಾಡಿದೆ. ಮಿದುಳಿಗೆ ರಕ್ತವೂ ಹರಿಯಲಿಲ್ಲ, ಬೆನ್ನಿಗೆ ವ್ಯಾಯಾಮವೂ ಆಗಲಿಲ್ಲ. ನಮಾಜು ಮಾತ್ರ ಪೂರ್ತಿ ಆಯಿತು. ಆಸನ ಹೋದರೂ ನಮಾಜು ಉಳಿಯುತ್ತದೆ ಎಂದ ಮೇಲೆ ಅದು ಆಸನವಲ್ಲ.

ನಮ್ಮ ದೀನು ರೋಗಿಯ ಮೇಲೆ ಎಷ್ಟು ಮೆತ್ತಗಿದೆ ಎಂಬುದನ್ನು ಕಾಗದ ಹಂಚುವವರು ಏಕೆ ಅಚ್ಚು ಹಾಕಿಸುವುದಿಲ್ಲ? ನೀರು ಮುಟ್ಟಿದರೆ ಕೇಡಾಗುವ ರೋಗಿಗೆ ಮಣ್ಣು ಮುಟ್ಟಿ ತಯಮ್ಮುಮ್ ಮಾಡಿದರೆ ಸಾಕು. ಗಾಯಕ್ಕೆ ಪಟ್ಟಿ ಕಟ್ಟಿದ್ದರೆ ಪಟ್ಟಿಯ ಮೇಲೆ ಒದ್ದೆ ಕೈ ಸವರಿದರೆ ಆಯಿತು. ರಂಜಾನಿನಲ್ಲಿ ರೋಗಿ, ಪ್ರಯಾಣಿಕ ಇಬ್ಬರಿಗೂ ರೋಜಾ ಮುಂದಕ್ಕೆ ಹಾಕಲು ಕುರಾನಿನ ಎರಡನೆಯ ಅಧ್ಯಾಯದಲ್ಲೇ ಅಪ್ಪಣೆಯಿದೆ. ವಾಸಿಯಾಗದ ಕಾಯಿಲೆಯವರು ಒಬ್ಬ ಬಡವನಿಗೆ ಊಟ ಹಾಕಿದರೆ ಆಯಿತು. ಔಷಧ ಮಾಡಿಕೊಳ್ಳಬಹುದೇ ಎಂದು ಕೇಳಿದವರಿಗೆ ಪೈಗಂಬರರು ಮಾಡಿಕೊಳ್ಳಿ ಎಂದೇ ಹೇಳಿದರು; ಮುಪ್ಪೊಂದನ್ನು ಬಿಟ್ಟು ಮದ್ದಿಲ್ಲದ ರೋಗವನ್ನು ಅಲ್ಲಾಹ್ ಇಟ್ಟಿಲ್ಲ ಎಂದರು. ಆ ಮಾತನ್ನು ನಂಬಿದವರ ಮಕ್ಕಳೇ ದಮಾಸ್ಕಸ್‌ನಲ್ಲಿ 1154ರಲ್ಲಿ ನೂರುದ್ದೀನನ ಆಸ್ಪತ್ರೆ ಕಟ್ಟಿದ್ದು. ದಡಾರ, ಸಿಡುಬು ಬೇರೆ ಬೇರೆ ಎಂದು ಲಕ್ಷಣ ಗುರುತಿಸಿ ಬರೆದ ಅಲ್ ರಾಝಿ, ಯುರೋಪಿನವರೂ ಶತಮಾನಗಳ ಕಾಲ ಓದಿದ ವೈದ್ಯಗ್ರಂಥ ಬರೆದ ಇಬ್ನ್ ಸೀನಾ, ಇವರೆಲ್ಲ ನಮಾಜಿನ ನಾಡಿನವರೇ. ಮಸೀದಿ ಇದೆಯಲ್ಲ, ಆಸ್ಪತ್ರೆ ಏಕೆ ಎಂದು ಅವರಾರೂ ಕೇಳಲಿಲ್ಲ.

ಇಷ್ಟೆಲ್ಲ ರಿಯಾಯಿತಿ ಇದ್ದರೂ ಅದನ್ನು ಮುಟ್ಟದವರು ಯಾರು ಗೊತ್ತೇ? ನಾವೇ, ಹೆಂಗಸರು. ಗಂಡಸು ಜ್ವರ ಬಂದರೆ ರೋಜಾ ಬಿಟ್ಟು ಮಲಗುತ್ತಾನೆ. ನಮ್ಮ ಆಪಾನಂಥವಳು ಸಕ್ಕರೆ ಇಟ್ಟುಕೊಂಡು ಮೂವತ್ತೂ ರೋಜಾ ಹಿಡಿಯುತ್ತಾಳೆ, ಸೆಹ್ರಿಗೆ ಎಲ್ಲರಿಗಿಂತ ಮೊದಲು ಎದ್ದು ರೊಟ್ಟಿ ತಟ್ಟುತ್ತಾಳೆ, ಇಫ್ತಾರಿಗೆ ಎಣ್ಣೆಯ ಮುಂದೆ ನಿಲ್ಲುತ್ತಾಳೆ. ತಿಂಗಳ ರಜೆಯ ದಿನಗಳಲ್ಲಿ ನಮಾಜು, ರೋಜಾ ಎರಡರಿಂದಲೂ ದೇವರು ಅವಳಿಗೆ ಬಿಡುವು ಕೊಟ್ಟಿದ್ದಾನೆ; ಅಡಿಗೆ ಮನೆ ಕೊಟ್ಟಿಲ್ಲ. ನಿಮ್ಮ ಮನೆಗಳಲ್ಲೂ ಹೀಗೆಯೇ ತಾನೇ? ಏಕಾದಶಿಯ ಉಪವಾಸ ಯಾರು ಮಾಡುತ್ತಾರೆ, ಅಂದು ಉಳಿದವರಿಗೆ ಸಾರು ಮಾಡಿ ಹಾಕುವವರು ಯಾರು?

ಹಜ್ರತ್ ಫಾತಿಮಾರ ಕಥೆಯನ್ನು ನಮ್ಮ ಹೆಂಗಸರಿಗೆ ಮತ್ತೆ ಮತ್ತೆ ಹೇಳುತ್ತಾರೆ. ಬೀಸಿ ಬೀಸಿ ಅವರ ಕೈಗೆ ಬೊಬ್ಬೆ ಬಂದಿತ್ತು. ತಂದೆಯ ಬಳಿ ಕೆಲಸಕ್ಕೊಬ್ಬರನ್ನು ಕೇಳಿದರು. ತಂದೆ ಮಲಗುವ ಮುನ್ನ ಹೇಳಿಕೊಳ್ಳಲು ಜಿಕ್ರ್ ಕಲಿಸಿದರು: ಸುಬ್‌ಹಾನಲ್ಲಾಹ್ ಮೂವತ್ತಮೂರು, ಅಲ್‌ಹಮ್ದುಲಿಲ್ಲಾಹ್ ಮೂವತ್ತಮೂರು, ಅಲ್ಲಾಹು ಅಕ್ಬರ್ ಮೂವತ್ತನಾಲ್ಕು. ಇದು ಆಳಿಗಿಂತ ಮೇಲು ಎಂದರು. ಇಜ್ತಿಮಾದಲ್ಲಿ ಕಥೆ ಇಲ್ಲಿಗೆ ನಿಲ್ಲುತ್ತದೆ, ನೀತಿ ಹೊರಡುತ್ತದೆ: ಆದ್ದರಿಂದ ಹೆಣ್ಣೇ, ಕೈ ನೋಯುತ್ತದೆ ಎನ್ನಬೇಡ, ತಸ್ಬೀ ಓದು.

ನಾನು ಆ ತಸ್ಬೀಯನ್ನು ದಿನಾ ರಾತ್ರಿ ಓದುತ್ತೇನೆ. ಯಜಮಾನರು ತೀರಿಕೊಂಡ ಮೇಲೆ, ಇದ್ದತ್ತಿನ ಆ ನಾಲ್ಕು ತಿಂಗಳು ಹತ್ತು ದಿನ, ನಿದ್ದೆ ಎಂಬುದು ಬರುತ್ತಿದ್ದರೆ ನೂರರ ಎಣಿಕೆ ಮುಗಿಯುವ ಹೊತ್ತಿಗೇ ಬರುತ್ತಿತ್ತು. ಆದ್ದರಿಂದ ಆ ಜಿಕ್ರ್‌ನ ಮೇಲೆ ನನಗೆ ಋಣವಿದೆ. ಆದರೆ ಕಥೆಯನ್ನು ಅರ್ಧಕ್ಕೆ ಕತ್ತರಿಸುವವರನ್ನು ಕೇಳುತ್ತೇನೆ: ಮಗಳಿಗೆ ಆಳು ಕೊಡದ ಆ ತಂದೆ ತನಗಾದರೂ ಸುಖ ಇಟ್ಟುಕೊಂಡರೇ? ಮನೆಯಲ್ಲಿ ಅವರೇನು ಮಾಡುತ್ತಿದ್ದರು ಎಂದು ಕೇಳಿದವರಿಗೆ ಬೀಬಿ ಆಯಿಷಾ ಕೊಟ್ಟ ಉತ್ತರವೂ ಹದೀಸಿನಲ್ಲೇ ಇದೆ. ಮನೆಯವರ ಕೆಲಸದಲ್ಲಿ ಕೈ ಹಾಕುತ್ತಿದ್ದರು, ಚಪ್ಪಲಿ ತಾವೇ ಹೊಲಿದುಕೊಳ್ಳುತ್ತಿದ್ದರು, ನಮಾಜಿನ ಹೊತ್ತಾದರೆ ಎದ್ದು ಹೋಗುತ್ತಿದ್ದರು. ಹೆಂಡತಿಗೆ ಮೊದಲ ಹದೀಸು ಹೇಳುವ ಗಂಡ ಎರಡನೆಯದನ್ನು ಮಾಡಿ ತೋರಿಸಲಿ. ಬೀಸುವುದು ತೋಳಿಗೆ ಒಳ್ಳೆಯ ವ್ಯಾಯಾಮ ಎಂದವರು ಯಾರೂ ಬೀಸಿದವರಲ್ಲ. ಕೈಗೆ ಬೊಬ್ಬೆ ಬಂದವಳಿಗೆ ತಸ್ಬೀಯೂ ಬೇಕು, ಬೀಸುವ ಕಲ್ಲಿನ ಇನ್ನೊಂದು ಗೂಟ ಹಿಡಿಯುವ ಕೈಯೂ ಬೇಕು.

"ಮಸೀದಿಗೆ ಐದು ಹೊತ್ತು ನಡೆದು ಹೋಗುವುದೇ ಹೃದಯಕ್ಕೆ ಮದ್ದು" ಎಂದೂ ಆ ಕಾಗದದಲ್ಲಿತ್ತು. ಯಾರ ಹೃದಯಕ್ಕೆ? ಹೆಂಗಸರು ಮಸೀದಿಗೆ ಹೋಗಿ ನಮಾಜು ಮಾಡಲು ಅಡ್ಡಿಯಿಲ್ಲವೆಂದು ಮುಸ್ಲಿಂ ಪರ್ಸನಲ್ ಲಾ ಬೋರ್ಡು 2023ರಲ್ಲಿ ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟಿದೆ. ಆದರೆ ನಾನು ನೋಡಿದ ನಮ್ಮ ಕಡೆಯ ಮಸೀದಿಗಳಲ್ಲಿ ನಮಗೆ ವುಜೂ ಮಾಡಲು ಒಂದು ನಲ್ಲಿ, ನಿಲ್ಲಲು ಒಂದು ಸಾಲು ಸಿಗುವುದೇ ಅಪರೂಪ. ನಮ್ಮ ಹೃದಯ ಅಡಿಗೆ ಮನೆಯಿಂದ ನಡುಮನೆಗೆ ನಡೆದೇ ಗಟ್ಟಿಯಾಗಬೇಕು.

ನಿಜ ಹೇಳಲೇ? ನಮಾಜು ಹೆಂಗಸಿಗೆ ಕೊಡುವ ಆರೋಗ್ಯ ಒಂದೇ. ಜಾನಮಾಜಿನ ಮೇಲೆ ನಿಂತವಳನ್ನು ಯಾರೂ ಚಹಾ ಕೇಳುವ ಹಾಗಿಲ್ಲ. ದಿನಕ್ಕೆ ಐದು ಸಲ, ಹತ್ತು ಹತ್ತು ನಿಮಿಷ, ಎರಡು ಮೊಳದ ಚಾಪೆಯಷ್ಟು ಜಾಗ ಅವಳದು. ಅಷ್ಟು ಹೊತ್ತು ಅವಳು ಯಾರ ಸೊಸೆಯೂ ಅಲ್ಲ, ಯಾರ ತಾಯಿಯೂ ಅಲ್ಲ. ಎದುರು ಮನೆಯಾಕೆಗೆ ದೇವರ ಕೋಣೆಯೂ ಇದನ್ನೇ ಕೊಡುತ್ತದೆ ಎಂದು ಬಲ್ಲೆ.

ಮನಸ್ಸಿನ ಕಾಯಿಲೆಯ ವಿಷಯಕ್ಕೆ ಬಂದರೆ ನನ್ನ ದನಿ ಇನ್ನೂ ಏರುತ್ತದೆ. ತಮಿಳುನಾಡಿನ ಎರವಾಡಿ ನೆನಪಿದೆಯೇ? ದರ್ಗಾದ ಬರಕತ್ತಿನಿಂದ ವಾಸಿಯಾಗಲಿ ಎಂದು ಮನೆಯವರು ಬಿಟ್ಟು ಹೋಗಿದ್ದ ರೋಗಿಗಳನ್ನು ಅಲ್ಲಿನ ಖಾಸಗಿ ಆಶ್ರಮವೊಂದು ಗರಿಯ ಚಪ್ಪರದಡಿ ಸರಪಳಿಯಲ್ಲಿ ಕಟ್ಟಿಹಾಕಿತ್ತು. 2001ರ ಆಗಸ್ಟ್ 6ರ ಬೆಳಗಿನ ಜಾವ ಬೆಂಕಿ ಬಿತ್ತು. 28 ಮಂದಿ ಸತ್ತರು. ಓಡಲಾಗಲಿಲ್ಲ, ಸರಪಳಿಯಿತ್ತು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ಈಗ ಸ್ಪಷ್ಟವಾಗಿ ನಿಷೇಧಿಸಿದೆ.

ಇನ್ನೊಂದು ಕಡೆಯನ್ನೂ ಹೇಳಬೇಕು. ಅದೇ ತಮಿಳುನಾಡಿನ ಹಳ್ಳಿಯೊಂದರ ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ಮಾನಸಿಕ ರೋಗಿಗಳನ್ನು ನಿಮ್ಹಾನ್ಸಿನ ಡಾಕ್ಟರ್ ರಘುರಾಮ್ ಮತ್ತು ಸಂಗಡಿಗರು ಗಮನಿಸಿ 2002ರಲ್ಲಿ ಬರೆದರು. ಕೆಲವು ವಾರಗಳಲ್ಲಿ ರೋಗದ ಲಕ್ಷಣ ಸುಮಾರು ನೂರಕ್ಕೆ ಇಪ್ಪತ್ತರಷ್ಟು ಇಳಿದಿತ್ತು. ಅಲ್ಲಿ ವಿಶೇಷ ಮಂತ್ರವೇನೂ ನಡೆಯುತ್ತಿರಲಿಲ್ಲ. ರೋಗಿಯ ಜೊತೆ ಮನೆಯವರೊಬ್ಬರು ಇರುತ್ತಿದ್ದರು, ಅಂಗಳ ಗುಡಿಸುವಂಥ, ಗಿಡಕ್ಕೆ ನೀರು ಹಾಕುವಂಥ ಸಣ್ಣ ಕೆಲಸ, ಬೆಳಿಗ್ಗೆ ಪೂಜೆ. ಬಯ್ಯುವವರಿಲ್ಲ, ಕಟ್ಟುವವರಿಲ್ಲ. ಗುಡಿಯೋ ದರ್ಗಾವೋ, ವಾಸಿ ಮಾಡಿದ್ದು ಮನುಷ್ಯರ ಮರ್ಯಾದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ 'ದವಾ ಮತ್ತು ದುವಾ' ಎಂಬ ಏರ್ಪಾಡು ನಡೆಯಿತು. ಮುಜಾವರರು ದುವಾ ಮಾಡಿ, ಅಲ್ಲೇ ಕೂತ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದರು. ದುವಾ ಕೇಳಲು ಬಂದವರು ದವಾ ತೆಗೆದುಕೊಂಡು ಹೋದರು. ಯಾರ ಈಮಾನೂ ಕರಗಲಿಲ್ಲ.

ಕಾನೂನಿನ ಮಾತೂ ಇರಲಿ. ನಾಯಿ, ಹಾವು, ಚೇಳು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು ನಮ್ಮ ರಾಜ್ಯದ 2017ರ ಮೌಢ್ಯ ನಿಷೇಧ ಕಾಯಿದೆಯ ಪ್ರಕಾರ ಅಪರಾಧ, 2020ರಿಂದ ಜಾರಿಯಲ್ಲಿದೆ. ತಾಯಿತ, ಮಂತ್ರಗಳಿಂದ ರೋಗ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದಕ್ಕೆ 1954ರಲ್ಲೇ ಕೇಂದ್ರದ ಕಾಯಿದೆ ತಡೆ ಹಾಕಿದೆ. ಅದರ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಇದೆ, ರಕ್ತದೊತ್ತಡವೂ ಇದೆ. ದೇಶದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿಗೂ ಹೆಚ್ಚು ಎಂದು ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೇಳಿತು. ಹತ್ತು ಕೋಟಿ ಗಿರಾಕಿಗಳಿದ್ದಾರೆಂದರೆ ಕಾಗದ ಅಚ್ಚು ಹಾಕಿಸುವವರಿಗೇನು ಕೊರತೆ? ಆದರೆ ಆಪಾನಂಥವಳು ಪೊಲೀಸು ಠಾಣೆಯ ಮೆಟ್ಟಿಲು ಹತ್ತುತ್ತಾಳೆಯೇ? ದೂರು ಕೊಟ್ಟರೆ ದೀನಿನ ವಿರುದ್ಧ ಕೊಟ್ಟಂತೆ ಎಂದು ಅವಳಿಗೆ ಹೇಳಿಕೊಟ್ಟಿದ್ದಾರೆ. ಆದ್ದರಿಂದ ಈ ಕೆಲಸ ಠಾಣೆಯದ್ದಲ್ಲ, ನಮ್ಮದು. ಹಸಿರು ಕಾಗದವೋ ಕೇಸರಿ ಕಾಗದವೋ ಮನೆಗೆ ಬಂದರೆ ಎರಡು ಪ್ರಶ್ನೆ ಕೇಳಿ: ಇದನ್ನು ಹೇಳಿದವರು ತಮ್ಮ ಎದೆನೋವಿಗೆ ಎಲ್ಲಿಗೆ ಹೋಗುತ್ತಾರೆ? ನನಗೆ ವಾಸಿಯಾಗದಿದ್ದರೆ ತಪ್ಪು ಯಾರದು ಎನ್ನುತ್ತಾರೆ? ಎರಡನೆಯದಕ್ಕೆ "ನಿನ್ನದು" ಎಂಬ ಉತ್ತರ ಬಂದರೆ ಕಾಗದವನ್ನು ಒಲೆಗೆ ಹಾಕಿ. ಗ್ಯಾಸಿನ ಒಲೆಯಾದರೂ ಪರವಾಗಿಲ್ಲ.

ಎದುರು ಮನೆಯಾಕೆ ಬೀಪೀ ಮಾತ್ರೆ ಬಿಟ್ಟು ಮೂರು ವಾರಕ್ಕೆ ತಲೆ ತಿರುಗಿ ಬಿದ್ದರು. ದೇವರ ದಯೆ, ಸೋಫಾದ ಮೇಲೆ ಬಿದ್ದರು. ಈಗ ಮಾತ್ರೆಯನ್ನೂ ನುಂಗುತ್ತಾರೆ, ಓಂಕಾರವನ್ನೂ ಹಾಕುತ್ತಾರೆ. "ಎರಡೂ ಇರಲಿ ಬಿಡಿ ಟೀಚರ್" ಎನ್ನುತ್ತಾರೆ.

ಆಪಾ ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಮಾತ್ರೆಯ ಡಬ್ಬಿ, ತಸ್ಬೀ, ಕನ್ನಡಕ ಮೂರೂ ಒಂದೇ ತಟ್ಟೆಯಲ್ಲಿ. ಗಡಿಯಾರ ನೋಡುವ ಅಭ್ಯಾಸ ಅವಳಿಗಿಲ್ಲ. ಫಜ್ರ್ ಆದ ಮೇಲೆ ತಿಂಡಿಗೆ ಮುಂಚಿನ ಮಾತ್ರೆ, ಇಶಾಕ್ಕೆ ಮುಂಚೆ ಊಟದ ಮಾತ್ರೆ ಎಂದು ಹೇಳಿಕೊಟ್ಟಿದ್ದೇನೆ. ಒಂದೂ ತಪ್ಪಿಲ್ಲ. ನಮಾಜು ಆರೋಗ್ಯಕ್ಕೆ ಒಳ್ಳೆಯದು ಎಂದು ಯಾರಾದರೂ ಹೇಳಿದರೆ ಈ ಮಟ್ಟಿಗೆ ಒಪ್ಪುತ್ತೇನೆ.

ಮೊನ್ನೆ ನೋಡಲು ಬಂದ ನೆಂಟರೊಬ್ಬರು "ಕುರ್ಚಿ ನಮಾಜಿಗೆ ಸವಾಬು ಕಮ್ಮಿ" ಎಂದುಬಿಟ್ಟರು. ಅವರು ಹೋದ ಮೇಲೆ ಆಪಾ ಮಂಕಾಗಿ ಕೂತಿದ್ದಳು. ಬಗ್ಗಲು ಅವಳಿಗೆ ಆಗದು. ರಾತ್ರಿ ಅವಳ ಪಾದ ನೋಡುವುದು ನನ್ನ ಕೆಲಸ. ಸಂದಿ ಸಂದಿ ಒರೆಸುತ್ತಾ ಇಮ್ರಾನ್ ಬಿನ್ ಹುಸೈನರ ಹದೀಸು ಹೇಳಿದೆ. ನಿಂತು ಮಾಡು, ಆಗದಿದ್ದರೆ ಕೂತು, ಅದೂ ಆಗದಿದ್ದರೆ ಮಗ್ಗುಲಾಗಿ ಎಂದು ಪೈಗಂಬರರು ಹೇಳಿದ್ದು ಅವರಿಗೇ.

"ಅವರಿಗೇನಾಗಿತ್ತೇ?" ಎಂದಳು.

"ಮೂಲವ್ಯಾಧಿ" ಎಂದೆ.

ಆಪಾ ನನ್ನ ಮುಖ ನೋಡಿದಳು. ಬೆರಳು ಹೋದ ಮೇಲೆ ಮೊದಲ ಸಲ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.